ಕಂಬಳಿಯ ಗೋಡೆ

1934ನೆಯ ಇಸವಿಯ ಫೆಬ್ರವರಿ ತಿಂಗಳಿನಲ್ಲಿ ನ್ಯೂಯಾರ್ಕ್ ನಗರದ ರೇಡಿಯೋ ಸಿಟಿ ಮ್ಯೂಸಿಕ್ ಹಾಲ್ ಎಂಬ ಮಹಾಮಂದಿರದಲ್ಲಿ ಒಂದು ಹೊಸ ವಾಕ್ಚಿತ್ರವು ತೆರೆಗೆ ಬಂದಿತು. ಸುಮಾರು ಆರು ಸಾವಿರ ಮಂದಿ ಒಟ್ಟಿಗೆ ಕುಳಿತು ನೋಡಬಹುದಾದ ಆ ಮಂದಿರವು ಕಟ್ಟಿ ಮುಗಿದು ಆಗ ಒಂದು ವರ್ಷ ಕಳೆದಿದ್ದಿತು, ಅಷ್ಟೆ. ಚಿತ್ರದ ಹೆಸರು 'ಇಟ್ ಹ್ಯಾಪನ್ಡ್ ಒನ್ ನೈಟ್'. 'ಒಂದು ರಾತ್ರಿ ನಡೆದುದು' ಎಂದು ಅದರ ಅರ್ಥ. ಜನರು ಅದನ್ನು ಮೆಚ್ಚಿದರಾದರೂ ಮುಗಿಬೀಳಲಿಲ್ಲ. ಒಂದೇ ವಾರದಲ್ಲಿ ಚಿತ್ರವು ಆ ಮಂದಿರವನ್ನು ಬಿಟ್ಟು ಹೊರಟಿತು. ಆದರೆ ರಾಜಧಾನಿಯಂತಹ ಆ ನಗರವು ಮಾಡದ ಮರ್ಯಾದೆಯನ್ನು ಸಣ್ಣ ಊರುಗಳು ಮಾಡಿದುವು. ಊರಿಂದೂರಿಗೆ ಬಾಯಿಮಾತಿನಲ್ಲಿಯೇ ಸುದ್ದಿ ಹಬ್ಬಿ, ಒಮ್ಮೆ ನೋಡಿದವರು ಮನೆಯವರನ್ನು ಕರೆದುಕೊಂಡು ಮತ್ತೊಮ್ಮೆ ಹೋಗಿ, ವರ್ಷವು ಮುಗಿಯುವುದರೊಳಗಾಗಿ ಅದು ಆ ದೇಶದ ಮನೆಮಾತಾಯಿತು. ಧನಿಕನ ಮಗಳೊಬ್ಬಳು ಬಡ ಬಾತ್ಮೀದಾರನೊಬ್ಬನನ್ನು ವರಿಸಿದ ಸರಸವಾದ ಕಥೆಯದು. ಇಂತಹ ಕಥೆಯು ಜಗತ್ತಿಗೆ ಹೊಸದಲ್ಲ. ಆದರೂ ಆ ವರ್ಷ, ಆ ದೇಶದಲ್ಲಿ, ಅಷ್ಟು ಜನರು ಅದನ್ನು ತಮ್ಮದೆಂದು ಭಾವಿಸಿದುದೇಕೆಂಬುದು ಇತಿಹಾಸವನ್ನು ಓದುವವರು ವಿಚಾರಿಸತಕ್ಕ ವಿಷಯ.

ಅಮೆರಿಕಾ ದೇಶಕ್ಕೆ ಅದು ದುರ್ದಿನಗಳ ಕಾಲ. 1929ನೆಯ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿದಂದಿನಿಂದ ಕಾರ್ಖಾನೆಗಳು ಒಂದೊಂದಾಗಿ ಬಾಗಿಲನ್ನು ಮುಚ್ಚಿಕೊಂಡಿದ್ದುವು. 1933ರ ವೇಳೆಗೆ ದುಡಿಯಬಲ್ಲ ನಾಲ್ವರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ. ಆ ವರ್ಷದ ಮಾರ್ಚಿ ತಿಂಗಳಲ್ಲಿ ರೂಸ್‌ವೆಲ್ಟನು ಅಧ್ಯಕ್ಷಪದವಿಯನ್ನು ಸ್ವೀಕರಿಸಿದೊಡನೆ ಮಾಡಿದ ಮೊದಲ ಕಾರ್ಯಗಳಲ್ಲೊಂದೆಂದರೆ ದೇಶದ ಬ್ಯಾಂಕುಗಳನ್ನೆಲ್ಲ ಕೆಲವು ದಿನ ಮುಚ್ಚಿಸಿದುದು. ಹಾಲಿವುಡ್ಡಿಗೂ ಬಿಸಿ ತಟ್ಟದಿರಲಿಲ್ಲ: ಚಿತ್ರಶಾಲೆಗಳವರು ಎಂಟು ವಾರಗಳವರೆಗೆ ನೌಕರರ ಸಂಬಳವನ್ನು ಅರ್ಧಕ್ಕಿಳಿಸಿದರು. ಹೀಗೆ ಕಾಸು ಕಾಸಿಗೂ ಲೆಕ್ಕವಿಡಬೇಕಾಗಿ ಬಂದಿದ್ದ ಕಾಲದಲ್ಲಿಯೇ ವೃತ್ತಪತ್ರಿಕೆಗಳು ಕೋಟ್ಯಧೀಶರ ಮನೆಯ ಹೆಣ್ಣುಮಕ್ಕಳ ವಿವಾಹವಾರ್ತೆಗಳಿಂದ ತುಂಬಿರುತ್ತಿದ್ದುವೆಂಬುದು ವಿಚಿತ್ರವಾದರೂ ನಿಜ. ವುಲ್‌ವರ್ತ್ ಅಂಗಡಿಗಳ ಐಶ್ವರ್ಯಕ್ಕೆ ಹಕ್ಕುದಾರಳಾಗಿದ್ದ ಬಾರ್ಬರಾ ಹಟನ್ ಎಂಬ ತರುಣಿಯು 1933ರ ಜೂನಿನಲ್ಲಿ ಪ್ಯಾರಿಸಿನಲ್ಲಿ, ತನ್ನನ್ನು ತಾನೇ ರಾಜಕುಮಾರನೆಂದು ಕರೆದುಕೊಳ್ಳುತ್ತಿದ್ದ ಜಾರ್ಜಿಯಾ ದೇಶದವನೊಬ್ಬನನ್ನು ಮದುವೆಯಾದಳು. ಆ ಅಂಗಡಿಗಳಲ್ಲಿ ಐದು ಸೆಂಟು ಹತ್ತು ಸೆಂಟುಗಳ ಸಾಮಾನು ಕೊಂಡಿದ್ದ ಗೃಹಿಣಿಯರು ಆ ಮದುವೆಯ ವೈಭವವನ್ನು ಓದಿ ಅಸೂಯೆಪಟ್ಟರೋ ಕನಿಕರಿಸಿದರೋ ಹೇಳಲಾಗದು. ನಮ್ಮ ಚಿತ್ರಕಥೆಯು ಅವಳ ಕಥೆಯೆಂದು ಇದರ ಅರ್ಥವಲ್ಲ. ಹಣದ ಮನೆಯ ಹುಡುಗಿಯೂ ಅವಳನ್ನು ವರಿಸಬಂದ ಬೆಡಗಿನ ವರನೂ ಪ್ರೇಕ್ಷಕರಿಗೆ ಅಪರಿಚಿತರಾಗಿರಲಿಲ್ಲವೆಂಬುದಷ್ಟೇ ಇಲ್ಲಿ ಪ್ರಕೃತ.

ಚಿತ್ರವನ್ನು ತಯಾರಿಸಿದ ಕೊಲಂಬಿಯಾ ಸಂಸ್ಥೆಯೂ ಹಾಲಿವುಡ್ಡಿನ ಸಮಾಜದಲ್ಲಿ ಬಡನಂಟನೇ. ಮೆಟ್ರೋ-ಗೋಲ್ಡ್‌ವಿನ್-ಮೇಯರ್, ಪ್ಯಾರಮೌಂಟ್ ಮೊದಲಾದ ದೊಡ್ಡ ಮನೆಗಳಿಗೆ ಊರೂರಿನಲ್ಲಿ ಸ್ವಂತ ಚಿತ್ರಮಂದಿರಗಳಿದ್ದುವು. ಕೊಲಂಬಿಯಾಕ್ಕೆ ಅಂತಹವು ಇರಲಿಲ್ಲ. ತಾರೆಯರ ದೊಡ್ಡ ಬಳಗವೂ ಇರಲಿಲ್ಲ. ಬೇಕಾದಾಗ ದೊಡ್ಡವರಿಂದ ಕಡ ತರಬೇಕಾಗಿದ್ದಿತು. ಅದರ ಮುಖ್ಯಸ್ಥ ಹ್ಯಾರಿ ಕೋನ್ ನ್ಯೂಯಾರ್ಕಿನ ದರ್ಜಿಯೊಬ್ಬನ ಮಗ. ಒಂದು ಕಾಲದಲ್ಲಿ ಟ್ರಾಂ ಗಾಡಿಯ ಕಂಡಕ್ಟರಾಗಿದ್ದವನು. ನಿರ್ದೇಶಕ ಫ್ರಾಂಕ್ ಕ್ಯಾಪ್ರಾ 1897ರಲ್ಲಿ ಸಿಸಿಲಿ ದ್ವೀಪದ ಒಂದು ಹಳ್ಳಿಯಲ್ಲಿ ಹುಟ್ಟಿ, ಆರು ವರ್ಷದ ಹುಡುಗನಾಗಿ ಹಡಗಿನ ಅತ್ಯಂತ ಅಗ್ಗದ ದರ್ಜೆಯಲ್ಲಿ ಅಮೆರಿಕಕ್ಕೆ ಬಂದವನು. ಲಾಸ್ ಏಂಜಲೀಸಿನ ಬೀದಿಗಳಲ್ಲಿ ಪತ್ರಿಕೆಗಳನ್ನು ಮಾರಿ, ಕಷ್ಟಪಟ್ಟು ರಸಾಯನ ಶಿಲ್ಪಶಾಸ್ತ್ರವನ್ನು ಓದಿ, ಆ ವಿದ್ಯೆಗೆ ತಕ್ಕ ಉದ್ಯೋಗ ದೊರೆಯದೆ ಚಿತ್ರಶಾಲೆಯನ್ನು ಹೊಕ್ಕವನು. ಚಿತ್ರನಾಟಕವನ್ನು ಬರೆದ ರಾಬರ್ಟ್ ರಿಸ್ಕಿನ್ನನ ತಾಯಿತಂದೆಗಳು ರಷ್ಯಾದಿಂದ ಬಂದು ನೆಲೆಸಿದ ಯಹೂದ್ಯರು. ನಾಯಕ ಕ್ಲಾರ್ಕ್ ಗೇಬಲ್ಲನ ತಂದೆಯಾದರೋ ಎಣ್ಣೆಬಾವಿಗಳನ್ನು ಕೊರೆಯುವ ಕೆಲಸದವನು. ಕೋಟ್ಯಧೀಶನ ಮಗಳಾಗಿ ನಟಿಸಿದ ಕ್ಲೋಡೆಟ್ ಕೋಲ್ಬರ್ಟಳು ಸಹ ಫ್ರಾನ್ಸಿನಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ತಾಯಿತಂದೆಗಳೊಡನೆ ನ್ಯೂಯಾರ್ಕಿಗೆ ಬಂದವಳು. ಹುಟ್ಟಿನಿಂದ ಸಿರಿವಂತಿಕೆಯನ್ನು ಕಂಡವರು ಇವರೊಳಗೆ ಯಾರೂ ಇರಲಿಲ್ಲ. ಐಶ್ವರ್ಯವನ್ನು ಬೇಲಿಯ ಹೊರಗಿನಿಂದ ನೋಡಿದವರು ಕಟ್ಟಿದ ಐಶ್ವರ್ಯದ ಚಿತ್ರವಿದು. ಇದರ ಗುಣವೂ ದೋಷವೂ ಅದರಿಂದಲೇ ಬಂದುವು.

ಕಥೆಯ ಮೂಲ ಸ್ಯಾಮುಯೆಲ್ ಹಾಪ್ಕಿನ್ಸ್ ಆಡಮ್ಸನು ಬರೆದು 1933ರಲ್ಲಿ 'ಕಾಸ್ಮಾಪಾಲಿಟನ್' ಪತ್ರಿಕೆಯಲ್ಲಿ ಅಚ್ಚಾದ 'ನೈಟ್ ಬಸ್' ಎಂಬ ಸಣ್ಣಕಥೆ. ಅದರ ನಾಯಕನು ಪತ್ರಿಕೋದ್ಯೋಗಿಯಲ್ಲ. ರಿಸ್ಕಿನ್ನನು ಅವನ ಕೈಗೆ ಬಾತ್ಮೀದಾರನ ಲೇಖನಿಯನ್ನು ಕೊಟ್ಟುದು ಬಹಳ ಒಳ್ಳೆಯ ಬದಲಾವಣೆಯಾಯಿತು. ಬಡವನಾದರೂ ಬಾತ್ಮೀದಾರನು ಯಾರ ಮುಂದೆಯೂ ತಲೆಬಾಗಿಸದವನು. ಅದೂ ಅಲ್ಲದೆ ಧನಿಕನ ಮಗಳು ಓಡಿಹೋದ ಸುದ್ದಿಯೆಂದರೆ ಅವನಿಗೆ ಹಣ. ಹೀಗಾಗಿ ಪ್ರೇಮದೊಳಕ್ಕೆ ಮೊದಲಿನಿಂದಲೇ ವ್ಯಾಪಾರದ ಸಂಶಯವು ಹೊಕ್ಕಿತು. ಪಾತ್ರಧಾರಿಗಳು ದೊರೆಯುವುದು ಮಾತ್ರ ಸುಲಭವಾಗಲಿಲ್ಲ. ಮರ್ನಾ ಲಾಯ್ ಮೊದಲಾದ ಹಲವರು ನಾಯಿಕೆಯ ಪಾತ್ರವನ್ನು ಒಲ್ಲೆನೆಂದರು. ಕ್ಯಾಪ್ರಾನ ನಿರ್ದೇಶನದಲ್ಲಿಯೇ ತೆಗೆದ ತನ್ನ ಮೊದಲ ಚಿತ್ರವು 1927ರಲ್ಲಿ ಸೋತುದನ್ನು ಕೋಲ್ಬರ್ಟಳು ಮರೆತಿರಲಿಲ್ಲ. ವಾಡಿಕೆಯ ಸಂಭಾವನೆಯ ಇಮ್ಮಡಿಯಾದ 50,000 ಡಾಲರುಗಳನ್ನು ಕೊಡುವುದಾದರೆ, ನಾಲ್ಕು ವಾರಗಳಲ್ಲಿ ಕೆಲಸವನ್ನು ಮುಗಿಸುವುದಾದರೆ ಬರುವೆನೆಂದಳು. ಗೇಬಲ್ಲನನ್ನು ಮೆಟ್ರೋ ಸಂಸ್ಥೆಯವರು ಕಡವಾಗಿ ಕೊಟ್ಟು ಕಳುಹಿಸಿದರು. ಅವನೂ ಸಂತೋಷದಿಂದ ಬಂದವನಲ್ಲ. ಚಿತ್ರಕ್ಕೆ ತಗುಲಿದ ಒಟ್ಟು ವೆಚ್ಚವೇ ಸುಮಾರು 3,25,000 ಡಾಲರ್. ಐಶ್ವರ್ಯವಂತೆಯಾಗಿ ನಟಿಸಬಂದವಳು ಅದರಲ್ಲಿ ಆರರಲ್ಲೊಂದು ಪಾಲನ್ನು ತೆಗೆದುಕೊಂಡು ಹೋದಳೆಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಈ ಚಿತ್ರದಲ್ಲಿ ಎಲ್ಲಕ್ಕೂ ಲೆಕ್ಕವುಂಟು.

ಕಥೆಯು ಊಟದ ತಟ್ಟೆಯಿಂದ ಆರಂಭವಾಗುವುದು. ಮಯಾಮಿ ಬಂದರಿನಲ್ಲಿ ನಿಂತ ತಂದೆಯ ವಿಹಾರನೌಕೆಯಲ್ಲಿ ಎಲ್ಲಿ ಆಂಡ್ರೂಸ್ ಎಂಬ ಹುಡುಗಿ ಸೆರೆಯಲ್ಲಿದ್ದಾಳೆ. ಕಿಂಗ್ ವೆಸ್ಟ್ಲಿ ಎಂಬ ಷೋಕಿಯ ವಿಮಾನಿಕನನ್ನು ಅವಳು ತಂದೆಗೆ ತಿಳಿಯದಂತೆ ಕಾನೂನಿನ ಪ್ರಕಾರ ಮದುವೆಯಾಗಿರುವಳು. ದಂಪತಿಗಳು ಒಟ್ಟಿಗೆ ಬಾಳುವ ಮೊದಲೇ ತಂದೆಯು ಅವಳನ್ನು ಎಳೆತಂದು, ಮದುವೆಯನ್ನು ರದ್ದುಮಾಡಿಸುವ ಯತ್ನದಲ್ಲಿದ್ದಾನೆ. ಅವಳು ಅನ್ನವನ್ನು ಮುಟ್ಟದೆ ಹಟ ಹಿಡಿದಿರುವಳು. ಬಿಸಿಬಿಸಿಯಾದ ಭಕ್ಷ್ಯಗಳನ್ನು ತರಿಸಿ ಎದುರಿಗಿಟ್ಟರೆ ತಟ್ಟೆಯನ್ನೇ ಉರುಳಿಸಿಬಿಡುವಳು. ಎಂದೂ ಕೈಮಾಡದಿದ್ದ ತಂದೆ ಕೆನ್ನೆಗೆ ಹೊಡೆಯುವನು. ಅವಳು ಸಮುದ್ರಕ್ಕೆ ಹಾರಿ ಈಸಿ ದಡವನ್ನು ಸೇರುವಳು. ನ್ಯೂಯಾರ್ಕಿಗೆ ಹೋಗಿ ಗಂಡನನ್ನು ಕೂಡಬೇಕು. ತಂದೆಯು ನೇಮಿಸಿದ ಪತ್ತೇದಾರರು ರೈಲುಗಳನ್ನು ಕಾಯುತ್ತಿರುವುದರಿಂದ ಅವಳು ಬಡಜನರ ವಾಹನವಾದ ಬಸ್ಸನ್ನು ಹಿಡಿಯುವಳು. ಹಸಿವಿಲ್ಲದವಳು ಉಪವಾಸವನ್ನು ಆಯುಧವಾಗಿ ಹಿಡಿದ ಈ ಮೊದಲ ದೃಶ್ಯವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಎಷ್ಟೋ ಸಂಗತಿಗಳು ತಾವಾಗಿಯೇ ಸ್ಪಷ್ಟವಾಗುವುವು.

ಬಸ್ಸಿನಲ್ಲಿ ಅವಳ ಪಕ್ಕದಲ್ಲಿ ಕುಳಿತವನು ಕೆಲಸವನ್ನು ಕಳೆದುಕೊಂಡ ಪೀಟರ್ ವಾರ್ನ್. ಅವಳ ಪೆಟ್ಟಿಗೆ ಕಳುವಾಗುವುದು. ಬಸ್ಸು ಒಂದೂರಿನಲ್ಲಿ ನಿಂತಾಗ, ತಾನು ಬರುವುದು ಸ್ವಲ್ಪ ತಡವಾಗಬಹುದು, ಕಾದಿರಬೇಕೆಂದು ಬಸ್ಸಿನವನಿಗೆ ಅಪ್ಪಣೆಮಾಡಿ ಹೋಗುವಳು. ಹಿಂದಿರುಗಿ ಬಂದು ನೋಡಿದರೆ ಬಸ್ಸಿಲ್ಲ! ತನಗಾಗಿ ಲೋಕವು ನಿಲ್ಲುವುದಿಲ್ಲವೆಂಬುದು ಅವಳ ಮೊದಲನೆಯ ಪಾಠ. ಪೀಟರನು ಅವಳ ಗುರುತನ್ನು ಹಿಡಿದಿರುವನು. ನ್ಯೂಯಾರ್ಕಿನವರೆಗೆ ಸುರಕ್ಷಿತವಾಗಿ ತಲುಪಿಸುವುದಕ್ಕೆ ಪ್ರತಿಯಾಗಿ ಅವಳ ಕಥೆಯನ್ನು ಪತ್ರಿಕೆಗೆ ಬರೆಯುವ ಹಕ್ಕು ತನ್ನದೆಂಬುದು ಅವನ ಕರಾರು. ಅವಳು ಬಸ್ಸಿನಲ್ಲಿ ಚಾಕೊಲೇಟಿನ ಡಬ್ಬಿಯೊಂದನ್ನು ಕೊಳ್ಳಹೋದರೆ ಅವನು ಮಾರುವವನನ್ನು ಹಿಂದಕ್ಕೆ ಕಳುಹಿಸಿ, ಅವಳ ಕೈಯಲ್ಲಿ ಉಳಿದಿದ್ದ ಚಿಲ್ಲರೆಯನ್ನು ತಾನೇ ತೆಗೆದಿಟ್ಟುಕೊಳ್ಳುವನು. ಹಾಸಿಗೆಯಿದ್ದಷ್ಟು ಕಾಲು ಚಾಚೆಂಬ ಮಾತನ್ನು ಅವಳು ಅದುವರೆಗೆ ಕೇಳಿಯೇ ಇರಲಿಲ್ಲವೆಂದು ತೋರುವುದು.

ಮಳೆಯಿಂದ ಸೇತುವೆ ಕೆಟ್ಟು ಬಸ್ಸು ನಿಂತ ರಾತ್ರಿ, ಪ್ರಯಾಣಿಕರು ತಂಗುವ ಅಗ್ಗದ ಗುಡಿಸಲುಗಳಲ್ಲೊಂದನ್ನು ಅವರಿಬ್ಬರು ಗಂಡಹೆಂಡಿರೆಂದು ಬರೆಯಿಸಿ ಪಡೆಯುವರು. ಎರಡು ಕೋಣೆಗಳಿಗೆ ಹಣವಿಲ್ಲ. ಪೀಟರನು ಎರಡು ಮಂಚಗಳ ನಡುವೆ ಹಗ್ಗವೊಂದನ್ನು ಕಟ್ಟಿ ಅದರ ಮೇಲೆ ಕಂಬಳಿಯನ್ನು ಹರವಿ, ಇದು ಯೆರಿಕೋವಿನ ಗೋಡೆಯೆನ್ನುವನು. ಕ್ರೈಸ್ತರ ಧರ್ಮಗ್ರಂಥದಲ್ಲಿ ಯೆಹೋಶುವನ ಜನರು ಯೆರಿಕೋ ಪಟ್ಟಣವನ್ನು ಏಳು ದಿನ ಸುತ್ತಿ ಕೊಂಬುಗಳನ್ನು ಊದಲು ಅದರ ಕೋಟೆಯ ಗೋಡೆಗಳು ಉರುಳಿದುವೆಂಬ ಕಥೆಯಿದೆ. ಯೆಹೋಶುವನ ಬಳಿ ಕೊಂಬುಗಳಿದ್ದುವು, ತನ್ನ ಬಳಿ ಅಂತಹುದೊಂದೂ ಇಲ್ಲವೆಂದು ಅವಳಿಗೆ ಧೈರ್ಯ ಹೇಳಿ ಅವನು ಮಲಗುವನು. ಆ ಕಂಬಳಿಯಷ್ಟು ಪ್ರಸಿದ್ಧವಾದ ಕಂಬಳಿ ಚಿತ್ರಪ್ರಪಂಚದಲ್ಲಿ ಮತ್ತೊಂದಿಲ್ಲ. ಹಾಲಿವುಡ್ಡಿನ ಚಿತ್ರಗಳ ನೀತಿಯನ್ನು ಕಾಯುವ ನಿಯಮಾವಳಿ 1930ರಲ್ಲಿಯೇ ಸಿದ್ಧವಾಗಿದ್ದರೂ ಅದನ್ನು ಬಿಗಿಯಾಗಿ ಜಾರಿಗೆ ತಂದುದು 1934ರ ಜುಲೈ ತಿಂಗಳಿನಿಂದ; ಚಿತ್ರವು ಹೊರಬಂದ ಐದು ತಿಂಗಳ ಅನಂತರ. ಯಾರ ಬಲವಂತವೂ ಹೆಚ್ಚಾಗಿಲ್ಲದಾಗ ತಾನೇ ಹಾಕಿಕೊಂಡ ಮರ್ಯಾದೆಯ ಗೆರೆಯಾದುದರಿಂದ ಆ ಕಂಬಳಿಗೆ ಅಷ್ಟು ಶೋಭೆ. ಈ ದೃಶ್ಯಕ್ಕೆ ಸಂಬಂಧಿಸಿದ ಇನ್ನೊಂದು ಕಥೆಯೂ ಪ್ರಚಾರದಲ್ಲಿದೆ: ಅಂಗಿಯನ್ನು ಕಳಚಿದ ಗೇಬಲ್ಲನು ಒಳಗೆ ಬನಿಯನು ತೊಟ್ಟಿರಲಿಲ್ಲವಾಗಿ ದೇಶದಲ್ಲಿ ಬನಿಯನುಗಳ ವ್ಯಾಪಾರವೇ ಬಿದ್ದುಹೋಯಿತಂತೆ. ಇದಕ್ಕೆ ಆಧಾರವನ್ನು ಯಾರೂ ತೋರಿಸಿಲ್ಲ. ನಟನ ಕೀರ್ತಿಗೆ ಜನರು ಕಟ್ಟಿದ ಪುರಾಣವೆಂದು ಇದನ್ನು ಭಾವಿಸಬೇಕು.

ಮರುದಿನದ ಬೆಳಗು ಇನ್ನೂ ಸೊಗಸಾಗಿದೆ. ಸ್ನಾನದ ಮನೆಯ ಮುಂದೆ ಸಾಲುಗಟ್ಟಿ ನಿಂತ ಹೆಂಗಸರನ್ನು ಲೆಕ್ಕಿಸದೆ ಮುಂದೆ ನುಗ್ಗಿದ ಎಲ್ಲಿಯನ್ನು ಅವರು ಛೀಮಾರಿಮಾಡಿ ಹಿಂದಕ್ಕೆ ಅಟ್ಟುವರು. ಸಾಲಿನಲ್ಲಿ ನಿಲ್ಲುವುದೆಂದರೇನೆಂದು ಅವಳಿಗೆ ಆಗ ತಿಳಿಯುವುದು. ಪೀಟರನು ತಾನೇ ಬೇಯಿಸಿ ಬಡಿಸಿ, ಡೋನಟ್ಟೆಂಬ ಕರಿದ ತಿಂಡಿಯನ್ನು ಕಾಫಿಯಲ್ಲಿ ಎಷ್ಟು ಹೊತ್ತು ಅದ್ದಬೇಕೆಂಬುದನ್ನು ದೊಡ್ಡ ಶಾಸ್ತ್ರವೆಂಬಂತೆ ಕಲಿಸುವನು. ಅಷ್ಟರಲ್ಲಿ ಪತ್ತೇದಾರರು ಬಾಗಿಲಿಗೆ ಬರುವರು. ಇಬ್ಬರೂ ಕ್ಷಣಮಾತ್ರದಲ್ಲಿ ಬಡ ದಂಪತಿಗಳ ಜಗಳವನ್ನು ಹೂಡಿ, ಅವನು ಗದರಿಸಿ, ಅವಳು ಕೊಳಾಯಿ ರಿಪೇರಿಯವನ ಮಗಳಂತೆ ಅತ್ತು ಕರೆದು, ಬಂದವರನ್ನು ನಂಬಿಸಿ ಕಳುಹಿಸುವರು. ಕೋಟ್ಯಧೀಶನ ಮಗಳಿಗೂ ಕೊಳಾಯಿಯವನ ಮಗಳಿಗೂ ನಡುವೆ ಇರುವ ಅಂತರವು ತಲೆಗೂದಲನ್ನು ಕೆದರಿ ದನಿಯನ್ನು ಏರಿಸಿದಷ್ಟರಿಂದಲೇ ಅಳಿಸಿಹೋಗುವುದೆಂದು ತೋರಿಸುವ ಈ ದೃಶ್ಯದಲ್ಲಿ ನಗುವಿನೊಳಗೆ ಒಂದು ಮುಳ್ಳಿದೆ. ಅವರ ಪ್ರೇಮವು ಆರಂಭವಾಗುವುದೂ ಇಲ್ಲಿಯೇ. ಒಬ್ಬರನ್ನೊಬ್ಬರು ಮೆಚ್ಚಿ ನಕ್ಕ ಮೊದಲ ಗಳಿಗೆಯದು.

ಆ ರಾತ್ರಿ ಬಸ್ಸಿನಲ್ಲಿ ಪ್ರಯಾಣಿಕರೆಲ್ಲ ಒಂದಾಗಿ ಹಾಡುತ್ತಿರುವಾಗ ಬಸ್ಸು ದಾರಿತಪ್ಪಿ ಕೆಸರಿಗೆ ಇಳಿಯುವುದು. ಹುಡುಗನೊಬ್ಬನು ಅಳುತ್ತಿರುವನು; ಅವನ ತಾಯಿ ಮೂರ್ಛೆಹೋಗಿರುವಳು. ನ್ಯೂಯಾರ್ಕಿನಲ್ಲಿ ಕೆಲಸವಿದೆಯೆಂಬ ಆಸೆಯಿಂದ ಕೈಯಲ್ಲಿದ್ದುದನ್ನೆಲ್ಲ ಟಿಕೆಟ್ಟಿಗೆ ಕೊಟ್ಟು ಹೊಟ್ಟೆಗಿಲ್ಲದೆ ಬಂದ ತಾಯಿ. ಪೀಟರನ ಬಳಿ ಉಳಿದಿದ್ದ ಹಣ ಆ ಹುಡುಗನ ಕೈಸೇರುವುದು. ಈ ದೃಶ್ಯವು ಎರಡು ಮೂರು ನಿಮಿಷಗಳಲ್ಲಿ ಮುಗಿಯುತ್ತದೆ. ಆ ತಾಯಿಯ ಗತಿಯೇನಾಯಿತೆಂದು ಕಥೆಯು ಹಿಂದಿರುಗಿ ನೋಡುವುದಿಲ್ಲ. ಆದರೆ ಪರಿಣಾಮವು ಮುಂದೆ ನಡೆಯುವುದು. ಎಲ್ಲಿಯನ್ನು ಗುರುತಿಸಿ ಬಹುಮಾನದಲ್ಲಿ ಪಾಲು ಕೇಳಬಂದ ಶೇಪ್ಲಿಯೆಂಬ ಪ್ರಯಾಣಿಕನನ್ನು ಪೀಟರನು ತಾನು ಕಳ್ಳರ ಗುಂಪಿನವನೆಂದು ಹೆದರಿಸಿ ಓಡಿಸಿದ ಮೇಲೆ, ಇಬ್ಬರೂ ಬಸ್ಸನ್ನು ಬಿಟ್ಟು ಕಾಲುನಡಗೆಯಲ್ಲಿ ಹೊರಡುವರು. ಅವಳನ್ನು ಹೆಗಲಮೇಲೆ ಹೊತ್ತು ಹೊಳೆಯನ್ನು ದಾಟಿಸಿ, ಹುಲ್ಲಿನ ಮೆದೆಯಲ್ಲಿ ಮಲಗಿಸಿ, ತಿನ್ನಲು ಹೊಲದ ಗಜ್ಜರಿಯನ್ನು ತಂದುಕೊಡುವನು. ಹಸಿ ಗಜ್ಜರಿಯೆ! ಎಂದು ಮುಖವನ್ನು ತಿರುಗಿಸಿದವಳು, ಸ್ವಲ್ಪ ಹೊತ್ತಿನ ಮೇಲೆ ಅದನ್ನೇ ಕಡಿದು ತಿನ್ನುವಳು. ನೌಕೆಯಲ್ಲಿ ಉರುಳಿಸಿದ ತಟ್ಟೆಗೂ ಈ ಗಜ್ಜರಿಗೂ ನಡುವೆ ನಡೆದ ಪ್ರಯಾಣವೇ ಈ ಕಥೆಯ ನಿಜವಾದ ಪ್ರಯಾಣ. ಮಯಾಮಿಯಿಂದ ನ್ಯೂಯಾರ್ಕಿಗೆ ಇರುವ ದಾರಿ ಅದಕ್ಕೊಂದು ನೆಪ. ರಸ್ತೆಯ ಬದಿಯಲ್ಲಿ ನಿಂತು ಹೆಬ್ಬೆರಳನ್ನು ತೋರಿಸಿ ಮೋಟಾರುಗಳನ್ನು ನಿಲ್ಲಿಸುವ ವಿದ್ಯೆಯಲ್ಲಿ ತಾನು ಪಂಡಿತನೆಂದು ಕೊಚ್ಚಿಕೊಂಡ ಪೀಟರನು ಸೋತು, ಎಲ್ಲಿಯು ಲಂಗವನ್ನು ಮೊಳಕಾಲಿನವರೆಗೆ ಎತ್ತಿ ಮೊದಲ ಮೋಟಾರನ್ನೇ ನಿಲ್ಲಿಸಿದ ಪ್ರಸಂಗವು ಎಷ್ಟು ಸಲ ಅನುಕರಣಕ್ಕೆ ಒಳಗಾಗಿದೆಯೆಂದರೆ ಅದನ್ನು ವಿವರಿಸುವುದು ಅನಾವಶ್ಯಕ.

ನ್ಯೂಯಾರ್ಕಿನ ಹತ್ತಿರದ ಕೊನೆಯ ತಂಗುದಾಣದಲ್ಲಿ ಮತ್ತೆ ಕಂಬಳಿಯ ಗೋಡೆ. ಅವಳೇ ಅದನ್ನು ದಾಟಿ ಬಂದು ತನ್ನ ಮನಸ್ಸನ್ನು ಹೇಳಿಕೊಳ್ಳುವಳು. ಅವನು ಹಿಂದಕ್ಕೆ ಕಳುಹಿಸುವನು. ಅವಳು ಅತ್ತು ನಿದ್ರೆಹೋದ ಮೇಲೆ ಅವನ ಮನಸ್ಸು ಕರಗುವುದು. ಆದರೆ ಬರಿಗೈಯಲ್ಲಿ ಮದುವೆಯ ಮಾತೆತ್ತುವುದು ಹೇಗೆ? ಅವಳನ್ನು ಎಬ್ಬಿಸದೆ ರಾತ್ರಿಯಲ್ಲಿಯೇ ನ್ಯೂಯಾರ್ಕಿಗೆ ಹೋಗಿ, ತಮ್ಮ ಕಥೆಯನ್ನೇ ಬರೆದು, ಹಳೆಯ ಸಂಪಾದಕನಿಗೆ ಮಾರಿ, ಸಾವಿರ ಡಾಲರುಗಳನ್ನು ಪಡೆದು ಹಿಂದಿರುಗಬೇಕೆಂದು ಹೊರಡುವನು. ಪ್ರೇಮಕ್ಕೆ ಬಂಡವಾಳವಾಗಿ ಪ್ರೇಮಕಥೆಯನ್ನೇ ಮಾರಹೊರಟ ಈ ಪ್ರಸಂಗದಲ್ಲಿ ರಿಸ್ಕಿನ್ನನ ಜಾಣತನವು ಉಚ್ಚಸ್ಥಿತಿಯಲ್ಲಿದೆ. ಇತ್ತ ತಂಗುದಾಣದ ಯಜಮಾನರು ಎಲ್ಲಿಯನ್ನು ಎಬ್ಬಿಸಿ ಹೊರಡಿಸುವರು. ಅವನು ಕೈಬಿಟ್ಟು ಹೋದನೆಂದು ನಂಬಿ ಅವಳು ತಂದೆಗೆ ಸುದ್ದಿ ಕಳುಹಿಸುವಳು. ಅವನು ಹಣದೊಡನೆ ಹಿಂದಿರುಗುವ ದಾರಿಯಲ್ಲಿ ಅವಳು ತಂದೆಯ ಮೋಟಾರಿನಲ್ಲಿ ಎದುರಾಗಿ ಹೋಗುವಳು. ಇಬ್ಬರೂ ಒಬ್ಬರನ್ನೊಬ್ಬರು ದ್ರೋಹಿಗಳೆಂದು ತಿಳಿಯುವರು. ಅವನು ಸಾವಿರ ಡಾಲರುಗಳನ್ನೂ ಸಂಪಾದಕನಿಗೆ ಹಿಂದಿರುಗಿಸುವನು.

ಮಗಳನ್ನು ಹುಡುಕಿಕೊಟ್ಟವರಿಗೆ ತಂದೆಯು 10,000 ಡಾಲರುಗಳ ಬಹುಮಾನವನ್ನು ಸಾರಿದ್ದನು. ಅವನು ಸೋತು ವೆಸ್ಟ್ಲಿಯನ್ನೇ ಅಳಿಯನನ್ನಾಗಿ ಒಪ್ಪಿಕೊಂಡು, ಈ ಸಲ ಎಲ್ಲರೆದುರು ವೈಭವದ ಮದುವೆಯನ್ನು ಏರ್ಪಡಿಸಿರುವಾಗ, ಪೀಟರನಿಂದ ಹಣದ ವಿಷಯವಾಗಿ ಒಂದು ಕಾಗದ ಬರುವುದು. ಬಂದಿತು ಬಹುಮಾನದ ಬೇಡಿಕೆ ಎಂದು ತಂದೆ ಮಗಳಿಬ್ಬರೂ ತಿಳಿಯುವರು. ಪೀಟರನು ಮನೆಗೆ ಬಂದು ಒಪ್ಪಿಸಿದ ಲೆಕ್ಕವಾದರೋ ಬೇರೆ: ಕೈಯಿಂದ ಬಿದ್ದ ನಗದು 8 ಡಾಲರ್ 60 ಸೆಂಟು, ಮಾರಿಕೊಂಡ ಮೇಲಂಗಿಗೆ 15 ಡಾಲರ್, ಪೆಟ್ಟಿಗೆ, ಟೋಪಿ, ಮೂರು ಷರ್ಟುಗಳು, ಎಲ್ಲ ಕೂಡಿ 39 ಡಾಲರ್ 60 ಸೆಂಟು. ಕಾಲುಚೀಲ ಮೊದಲಾದ ಕ್ಷುಲ್ಲಕಗಳನ್ನೂ ಮಾರಿದ್ದುಂಟು, ಅವುಗಳನ್ನು ಲೆಕ್ಕಕ್ಕೆ ಹಿಡಿದಿಲ್ಲವಂತೆ. ಹತ್ತು ಸಾವಿರವನ್ನು ಮುಂದೊಡ್ಡಿದರೆ ಬೇಡವೆಂದು, ತನಗೆ ಬರಬೇಕಾದುದನ್ನು ಒಂದು ಸೆಂಟು ಬಿಡದೆ ಕೇಳಿ ತೆಗೆದುಕೊಳ್ಳುವನು. ಅವಳನ್ನು ಪ್ರೀತಿಸುವೆಯಾ ಎಂದು ಮುದುಕನು ಪಟ್ಟುಹಿಡಿದು ಕೇಳಿದಾಗ ಹೌದೆಂದು ಕಿರಿಚಿ ಹೊರಟುಹೋಗುವನು.

ಈ ಚಿತ್ರದ ಹೃದಯವು ಆ 39 ಡಾಲರ್ 60 ಸೆಂಟುಗಳಲ್ಲಿದೆ. ಹಣವನ್ನು ತೃಣವಾಗಿ ಕಾಣುವ ನಾಯಕರು ನಾಟಕಗಳಲ್ಲಿಯೂ ಕಾದಂಬರಿಗಳಲ್ಲಿಯೂ ಬೇಕಾದಷ್ಟು ಮಂದಿ ಇದ್ದಾರೆ. ಅವರು ಥೈಲಿಯನ್ನು ಮುಖಕ್ಕೆ ಎಸೆದು ಹೋಗುವರು. ಪ್ರೇಕ್ಷಕರು ಚಪ್ಪಾಳೆ ತಟ್ಟುವರು. ಮನೆಗೆ ಬಂದು ಬಾಡಿಗೆಯ ಚಿಂತೆ ಹಿಡಿದಾಗ ಆ ಔದಾರ್ಯವು ಬಣ್ಣದ ಮಾತೆಂದು ಯಾರಿಗಾದರೂ ಅನಿಸುವುದು. ಪೀಟರನು ಹಾಗಲ್ಲ. ತನ್ನ ಟೋಪಿಯ ಬೆಲೆಯನ್ನು ಬಿಟ್ಟುಕೊಡುವಷ್ಟು ಹಣ ಅವನಲ್ಲಿಲ್ಲ. ತನ್ನದಲ್ಲದುದನ್ನು ತೆಗೆದುಕೊಳ್ಳುವಷ್ಟು ದೈನ್ಯವೂ ಇಲ್ಲ. ಖರ್ಚಾದುದು ಬರಲಿ, ಹೆಚ್ಚಿನದು ಬೇಡ. 1934ರಲ್ಲಿ ಬ್ಯಾಂಕಿನಲ್ಲಿಟ್ಟುದನ್ನು ಕಳೆದುಕೊಂಡು, ಕೆಲಸಕ್ಕಾಗಿ ಸಾಲಿನಲ್ಲಿ ನಿಂತು, ಆದರೂ ಭಿಕ್ಷೆಗೆ ಕೈಯೊಡ್ಡಲೊಲ್ಲದೆ ಇದ್ದ ಲಕ್ಷಾಂತರ ಗೃಹಸ್ಥರಿಗೆ ಇದು ತಮ್ಮದೇ ಮಾತಾಗಿ ಕೇಳಿಸಿರಬೇಕು. ಸಣ್ಣ ಊರುಗಳು ಚಿತ್ರವನ್ನು ಕೈಹಿಡಿದುದಕ್ಕೆ ಗೇಬಲ್ಲನ ರೂಪವೂ ಕೋಲ್ಬರ್ಟಳ ಚಾತುರ್ಯವೂ ಕಾರಣವೆಂದು ಹೇಳುವುದುಂಟು. ಅವು ಬೇರೆ ಚಿತ್ರಗಳಲ್ಲಿಯೂ ಇದ್ದುವಲ್ಲ. ಇಂತಹ ಲೆಕ್ಕವು ಅಲ್ಲಿರಲಿಲ್ಲ.

ಆದರೆ ಚಿತ್ರವನ್ನು ಹೊಗಳುವವರು ಸಾಮಾನ್ಯವಾಗಿ ಗಮನಿಸದ ಇನ್ನೊಂದು ಲೆಕ್ಕವೂ ಇದೆ. ಮದುವೆಯ ದಿನ ವೆಸ್ಟ್ಲಿಯು ಆಟೋಜೈರೋ ಎಂಬ ಹಾರುವ ಯಂತ್ರದಲ್ಲಿ ತೋಟಕ್ಕೆ ಇಳಿಯುವನು. ತಂದೆಯು ಮಗಳ ಕೈಹಿಡಿದು ಮಂಟಪದ ಕಡೆಗೆ ನಡೆಸುತ್ತ, ಪೀಟರನು ಕೇಳಿದುದು ಖರ್ಚಿನ ಹಣವನ್ನು ಮಾತ್ರವೆಂದೂ ಅವನು ಅವಳನ್ನು ಪ್ರೀತಿಸುವನೆಂದೂ ಹಿಂದಿನ ಬಾಗಿಲಲ್ಲಿ ಮೋಟಾರು ಸಿದ್ಧವಾಗಿದೆಯೆಂದೂ ಕಿವಿಯಲ್ಲಿ ಉಸುರುವನು. ಅವಳು ಮುಸುಕನ್ನು ಗಾಳಿಗೆ ಹಾರಿಸುತ್ತ ಓಡಿಹೋಗುವಳು. ಮದುವೆಯ ರದ್ದಿಗೆ ಒಪ್ಪಲೆಂದು ವೆಸ್ಟ್ಲಿಗೆ ತಂದೆಯು ಕೊಡುವುದು ಒಂದು ಲಕ್ಷ ಡಾಲರ್. ಸಜ್ಜನನಾದ ಅಳಿಯನಿಗೆ ಸಂದುದು ಮೂವತ್ತೊಂಬತ್ತು ಚಿಲ್ಲರೆ, ದುರ್ಜನನಾದ ಅಳಿಯನಿಗೆ ಲಕ್ಷ! ದುಡ್ಡೇ ದೊಡ್ಡಪ್ಪನೆಂಬ ಗಾದೆಯನ್ನು ಚಿತ್ರವು ಒಂದು ಕೈಯಿಂದ ಅಳಿಸಿ ಇನ್ನೊಂದು ಕೈಯಿಂದ ಬರೆಯುವುದು. ಮುದುಕನ ಹಣವಿಲ್ಲದಿದ್ದರೆ ಪ್ರೇಮಿಗಳು ಕೂಡುತ್ತಿದ್ದ ಬಗೆ ಹೇಗೆ? ಆ ಐಶ್ವರ್ಯವು ಎಲ್ಲಿಂದ ಬಂದಿತು, ಬಸ್ಸಿನಲ್ಲಿ ಮೂರ್ಛೆಹೋದ ತಾಯಿಗೂ ಅದಕ್ಕೂ ಸಂಬಂಧವುಂಟೇ ಎಂಬ ಪ್ರಶ್ನೆಯನ್ನು ಕ್ಯಾಪ್ರಾನು ಎತ್ತಲಿಲ್ಲ. ಕೆಟ್ಟವನು ಷೋಕಿಲಾಲ ವೆಸ್ಟ್ಲಿ. ದುಡಿದು ಗಳಿಸಿದ ಮುದುಕನಾದರೋ ಒರಟಾದರೂ ಚಿನ್ನದಂತಹವನು. ಎರಡು ವರ್ಷಗಳ ಅನಂತರ, 1936ರಲ್ಲಿ, ಗ್ರೆಗರಿ ಲಾ ಕಾವಾನು ನಿರ್ದೇಶಿಸಿದ 'ಮೈ ಮ್ಯಾನ್ ಗಾಡ್‌ಫ್ರೀ' ಚಿತ್ರವು ಕಸದ ರಾಶಿಯ ಪಕ್ಕದಲ್ಲಿ ಬಾಳುವ ನಿರುದ್ಯೋಗಿಗಳನ್ನು ಧನಿಕರ ವಿನೋದಕೂಟದ ಎದುರಿಗೇ ತಂದು ನಿಲ್ಲಿಸಿತು. ಅಷ್ಟು ಕಟುವಾದ ನಗೆ ಇಲ್ಲಿಲ್ಲ. ಅಲ್ಲಿಯೂ ಕೊನೆಗೆ ನಿರುದ್ಯೋಗಿಯಾಗಿ ಕಂಡ ನಾಯಕನು ದೊಡ್ಡ ಮನೆತನದವನೇ ಆಗಿಬಿಟ್ಟನೆಂಬುದು ಬೇರೆಯ ಮಾತು.

ಹೆಣ್ಣಿನ ಸ್ವಾತಂತ್ರ್ಯದ ವಿಷಯವಾಗಿಯೂ ಇಂತಹುದೇ ಒಂದು ಸಂದೇಹ ಉಳಿಯುವುದು. ಎಲ್ಲಿಯು ಮೊದಲ ಮದುವೆಯನ್ನು ಮಾಡಿಕೊಂಡುದು ಪ್ರೇಮದಿಂದಲ್ಲ, ತಂದೆಯ ಕಾವಲಿನಿಂದ ತಪ್ಪಿಸಿಕೊಳ್ಳುವುದಕ್ಕಾಗಿ. ಹುಟ್ಟಿದಂದಿನಿಂದ ದಾದಿಯರ, ಕಾವಲುಗಾರರ ನಡುವೆ ಬೆಳೆದವಳು ಒಬ್ಬಂಟಿಯಾಗಿ ಎಲ್ಲಿಗೂ ಹೋದುದಿಲ್ಲ. ಸಮುದ್ರಕ್ಕೆ ಹಾರಿದಾಗ ಅವಳಿಗೆ ದೊರೆತ ಸ್ವಾತಂತ್ರ್ಯವು ಎಷ್ಟು ಹೊತ್ತಿನದು? ಬಸ್ಸಿನಲ್ಲಿ ಪೀಟರನು ಅವಳ ಹಣವನ್ನು ವಶಪಡಿಸಿಕೊಂಡು, ತಿನ್ನುವುದನ್ನೂ ಮಲಗುವುದನ್ನೂ ವಿಧಿಸಿ, ಅವಳಿಗೆ ದಿನಕ್ಕೊಂದು ಪೆಟ್ಟು ಬೇಕೆಂಬ ಮಾತನ್ನು ಅವಳ ತಂದೆಯೆದುರಿಗೇ ಆಡುವನು. ತಂದೆಯು ಅದನ್ನು ಕೇಳಿ ಮೆಚ್ಚುವನು. ಕೆನ್ನೆಗೆ ಹೊಡೆದ ತಂದೆಗೆ ತಕ್ಕ ಅಳಿಯ ದೊರೆತನೆಂದು ಕಹಿಯಾಗಿ ಹೇಳಿದರೆ ತಪ್ಪಾಗಲಾರದು. ಅಂದಿನ ಪ್ರೇಕ್ಷಕರು ಇದನ್ನು ಸರಸವೆಂದು ನಕ್ಕರು. ಇಂದು ನೋಡುವವರಿಗೆ ಆ ನಗೆಯಲ್ಲಿ ಪಾಲುಗೊಳ್ಳುವುದು ಕಷ್ಟ. ಆದರೂ ಚಿತ್ರದ ಪರವಾಗಿ ಹೇಳಬೇಕಾದ ಒಂದು ಮಾತಿದೆ. ಕಂಬಳಿಯನ್ನು ದಾಟಿ ಬಂದವಳು ಎಲ್ಲಿ. ಮಂಟಪದಿಂದ ಓಡಿದವಳೂ ಎಲ್ಲಿ. ನಿರ್ಣಾಯಕವಾದ ಎರಡು ಹೆಜ್ಜೆಗಳನ್ನೂ ಇಟ್ಟವಳು ಅವಳೇ. ಕೋಲ್ಬರ್ಟಳ ನಟನೆಯಲ್ಲಿ ಆ ಹೆಜ್ಜೆಗಳಿಗೆ ಇರುವ ಗಾಂಭೀರ್ಯವು ಪೀಟರನ ಬಡಾಯಿಯನ್ನೆಲ್ಲ ಚಿಕ್ಕದಾಗಿಸುವುದು.

ಕೆಲಸವನ್ನು ಮುಗಿಸಿ ಹೋದ ಕೋಲ್ಬರ್ಟಳಿಗೆ ಚಿತ್ರದ ವಿಷಯದಲ್ಲಿ ನಂಬಿಕೆಯಿರಲಿಲ್ಲ. 1935ರ ಫೆಬ್ರವರಿ 27ರಂದು ಅಕಾಡೆಮಿಯ ಪಾರಿತೋಷಕಗಳನ್ನು ಹಂಚಿದ ರಾತ್ರಿ ಅವಳು ನ್ಯೂಯಾರ್ಕಿಗೆ ಹೋಗಲು ರೈಲುನಿಲ್ದಾಣದಲ್ಲಿದ್ದಳು. ಉತ್ತಮ ನಟಿಯೆಂದು ಅವಳ ಹೆಸರು ಬಂದೊಡನೆ ಓಡಿಬಂದು ಕರೆದೊಯ್ದರು. ಪ್ರಯಾಣದ ಉಡುಪಿನಲ್ಲಿಯೇ ಪಾರಿತೋಷಕವನ್ನು ಸ್ವೀಕರಿಸಿ ಅವಳು ಹಿಂದಿರುಗಿದಳು. ಉತ್ತಮ ಚಿತ್ರ, ನಿರ್ದೇಶಕ, ನಟ, ನಟಿ, ಚಿತ್ರನಾಟಕ ಎಂಬ ಐದು ಮುಖ್ಯ ಪಾರಿತೋಷಕಗಳನ್ನೂ ಒಂದೇ ಚಿತ್ರವು ಪಡೆದುದು ಅದೇ ಮೊದಲು. 1975ರ 'ಒನ್ ಫ್ಲೂ ಓವರ್ ದ ಕುಕೂಸ್ ನೆಸ್ಟ್' ಬರುವವರೆಗೆ ನಾಲ್ವತ್ತು ವರ್ಷ ಮತ್ತೊಂದು ಚಿತ್ರಕ್ಕೆ ಆ ಭಾಗ್ಯ ದೊರೆಯಲಿಲ್ಲ. ಹಾಲಿವುಡ್ಡಿನ ಬಡನಂಟನಾಗಿದ್ದ ಕೊಲಂಬಿಯಾ ಅಂದಿನಿಂದ ದೊಡ್ಡವರ ಪಂಕ್ತಿಯಲ್ಲಿ ಕುಳಿತಿತು. ಧನಿಕರ ಮಕ್ಕಳು ಬಡವರೊಡನೆ ಜಗಳವಾಡಿ ಒಲಿಯುವ ಪ್ರಹಸನಗಳ ಸಾಲೇ ಮುಂದೆ ಹೊರಟಿತು. ಅವುಗಳಲ್ಲಿ ಎಷ್ಟೋ ಚಿತ್ರಗಳು ಜಗಳವನ್ನು ಉಳಿಸಿಕೊಂಡು ಲೆಕ್ಕವನ್ನು ಬಿಟ್ಟುವು.

ಕಥೆಯು ಭಾರತಕ್ಕೂ ಬಂದಿತು. 1956ರಲ್ಲಿ ರಾಜ್ ಕಪೂರ್ ಮತ್ತು ನರ್ಗಿಸ್ ನಟಿಸಿದ 'ಚೋರಿ ಚೋರಿ', 1991ರಲ್ಲಿ 'ದಿಲ್ ಹೈ ಕಿ ಮಾನ್‌ತಾ ನಹೀಂ' ಎಂಬ ಹಿಂದೀ ಚಿತ್ರಗಳೂ, 2007ರಲ್ಲಿ ಕನ್ನಡದ 'ಹುಡುಗಾಟ'ವೂ ಈ ಬಸ್ಸಿನ ದಾರಿಯನ್ನು ಹಿಡಿದುವು. ಹಿಂದೀ ಚಿತ್ರಗಳು ಮಾಡಿಕೊಂಡ ಒಂದು ಬದಲಾವಣೆಯು ಗಮನಾರ್ಹವಾದುದು. ಮೂಲದಲ್ಲಿ ನಾಯಿಕೆಯು ಕಾನೂನಿನ ದೃಷ್ಟಿಯಿಂದ ಆಗಲೇ ಒಬ್ಬನ ಹೆಂಡತಿ. ಹಿಂದಿಯಲ್ಲಿ ಅವಳು ತಾನು ಮೆಚ್ಚಿದವನನ್ನು ಮದುವೆಯಾಗಲು ಓಡಿಹೋಗುವ ಕನ್ಯೆ. ಮದುವೆಯನ್ನು ರದ್ದುಮಾಡುವ ಮಾತು ಇಲ್ಲಿನ ಪ್ರೇಕ್ಷಕರಿಗೆ ರುಚಿಸದೆಂದು ಚಿತ್ರಕಾರರು ಎಣಿಸಿದ್ದಿರಬೇಕು. ಕಥೆಯು ಅದರಿಂದ ಹಗುರವಾಯಿತು. ತಂದೆಯ ಲಕ್ಷ ಡಾಲರಿಗೂ ಕೆಲಸವಿಲ್ಲದೆ ಹೋಯಿತು.

ಮೂಲದ ಕೊನೆಯ ದೃಶ್ಯದಲ್ಲಿ ನಾಯಕನೂ ಇಲ್ಲ, ನಾಯಿಕೆಯೂ ಇಲ್ಲ. ಯೆರಿಕೋವಿನ ಗೋಡೆಗಳು ಅಲುಗುತ್ತಿವೆ, ರದ್ದಿನ ಆಜ್ಞೆ ಇನ್ನೂ ಏಕೆ ಬರಲಿಲ್ಲವೆಂದು ಪೀಟರನು ಕಳುಹಿಸಿದ ತಂತಿಗೆ, ಗೋಡೆಗಳು ಉರುಳಲೆಂದು ಮುದುಕನು ಉತ್ತರವಿತ್ತಿರುವನು. ರಾತ್ರಿ, ಮತ್ತೊಂದು ಅಗ್ಗದ ತಂಗುದಾಣ. ಹೊರಗೆ ಅದರ ಯಜಮಾನನೂ 그ವನ ಹೆಂಡತಿಯೂ ಮಾತಾಡಿಕೊಳ್ಳುತ್ತಿರುವರು. ಇಷ್ಟು ಸೆಕೆಯಲ್ಲಿ ಹೊಸ ದಂಪತಿಗಳಿಗೆ ಹಗ್ಗವೂ ಕಂಬಳಿಯೂ ಏತಕ್ಕೆ? ಮಕ್ಕಳಾಡುವ ತುತ್ತೂರಿ ಏತಕ್ಕೆ? ಅವರು ನಿಜವಾಗಿಯೂ ಗಂಡಹೆಂಡಿರೇ ಎಂದು ಆಕೆಗೆ ಸಂಶಯ. ಮದುವೆಯ ಪತ್ರವನ್ನು ತಾನೇ ನೋಡಿದ್ದೇನೆಂದು ಯಜಮಾನನ ಸಮಾಧಾನ. ಅಷ್ಟರಲ್ಲಿ ಒಳಗಿನಿಂದ ತುತ್ತೂರಿಯ ಧ್ವನಿ ಕೇಳಿಸುವುದು. ಕಂಬಳಿ ನೆಲಕ್ಕೆ ಬೀಳುವುದು. ದೀಪವಾರುವುದು.